ಫಲದ ಖಾತರಿಯಿಲ್ಲದ ಭರವಸೆ: ಅನಿಶ್ಚಿತ ಬದುಕು ಮತ್ತು ಕ್ರೈಸ್ತ ವಿಶ್ವಾಸ

ನಾಳೆ ಏನಾಗುವುದೆಂದು ತಿಳಿಯದ ಮನುಷ್ಯನು ದೇವರಲ್ಲಿ ಭರವಸೆ ಇಡುವುದೆಂದರೇನು ಎಂಬ ಪ್ರಶ್ನೆಯು ಕ್ರೈಸ್ತ ದೇವಶಾಸ್ತ್ರದಲ್ಲಿ ಸಾಮಾನ್ಯವಾಗಿ ಎರಡು ಪ್ರಕರಣಗಳ ಕೆಳಗೆ ಚರ್ಚೆಯಾಗುತ್ತ ಬಂದಿದೆ. ಸೃಷ್ಟಿಕರ್ತನು ತಾನು ಸೃಷ್ಟಿಸಿದ್ದನ್ನು ಕೈಬಿಡದೆ ಪೋಷಿಸುತ್ತಾನೆ, ನಡೆಸುತ್ತಾನೆ, ತನ್ನ ಉದ್ದೇಶದ ಕಡೆಗೆ ಒಯ್ಯುತ್ತಾನೆ ಎಂಬ ಬೋಧನೆ ಮೊದಲನೆಯದು. ಇದಕ್ಕೆ ದೇವರ ಪರಿಪಾಲನೆ ಎಂದು ಹೆಸರು. ಒಳ್ಳೆಯವನೂ ಸರ್ವಶಕ್ತನೂ ಆದ ದೇವರ ಆಳ್ವಿಕೆಯಲ್ಲಿ ಕೇಡು ಹೇಗೆ ಉಳಿದುಕೊಂಡಿದೆ ಎಂಬುದಕ್ಕೆ ಉತ್ತರ ಹುಡುಕುವ ದೇವನ್ಯಾಯ ಸಮರ್ಥನೆ ಎರಡನೆಯದು. ಎರಡೂ ಮುಖ್ಯವಾಗಿ ವಿವರಿಸುವ ಪ್ರಯತ್ನಗಳು. ಆಸ್ಪತ್ರೆಯ ವರದಿಗಾಗಿ ಕಾಯುತ್ತಿರುವವನಿಗೆ, ಮಳೆ ಬಾರದ ಹೊಲದ ಬದುವಿನಲ್ಲಿ ನಿಂತವನಿಗೆ, ಪರಊರಿನಲ್ಲಿ ಕೆಲಸ ಕಳೆದುಕೊಂಡ ಮಗನ ಚಿಂತೆಯಲ್ಲಿರುವ ತಾಯಿಗೆ ವಿವರಣೆಗಿಂತ ಮೊದಲು ಬೇಕಾಗಿರುವುದು ಫಲ ಕಾಣದ ಕಾಲದಲ್ಲಿ ಬದುಕುವ ಬಗೆ. ಈ ದೃಷ್ಟಿಯಿಂದ ಕ್ರೈಸ್ತ ಪರಂಪರೆಯನ್ನು ಪರಿಶೀಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಈ ಪರಂಪರೆ ಗಟ್ಟಿಯಾಗಿದ್ದಲ್ಲೆಲ್ಲ ಭರವಸೆಯನ್ನು ಫಲಿತಾಂಶದ ಖಾತರಿಯಿಂದ ಬೇರ್ಪಡಿಸಿದೆ ಮತ್ತು ದೂರನ್ನೂ ಅಳಲನ್ನೂ ಆ ಭರವಸೆಯ ಒಳಗೇ ಉಳಿಸಿಕೊಂಡಿದೆ, ಖಾತರಿ ಕೊಡಲು ಹೊರಟಾಗ, ಇಲ್ಲವೆ ನೋವು ಕಾಣದವರು ನೋವುಂಡವರಿಗೆ ಕಾರಣ ಹೇಳಲು ಹೊರಟಾಗ, ಅದು ಸೋತಿದೆ.

ಹಳೆಯ ಒಡಂಬಡಿಕೆಯಿಂದಲೇ ಆರಂಭಿಸುವುದಾದರೆ, ಯೆರೆಮೀಯನ ಗ್ರಂಥದ 28 ಮತ್ತು 29ನೆಯ ಅಧ್ಯಾಯಗಳು ಈ ವಿಷಯಕ್ಕೆ ಬಹಳ ಮುಖ್ಯವಾದವು. ದಕ್ಷಿಣ ಭಾರತದ ಅನೇಕ ಸಭೆಗಳಲ್ಲಿ ಹೊಸ ವರ್ಷದ ಆರಾಧನೆಯಂದು ವಿಶ್ವಾಸಿಗಳಿಗೆ ಆ ವರ್ಷದ ವಾಗ್ದಾನ ವಚನವನ್ನು ಚೀಟಿಯಲ್ಲಿ ಕೊಡುವ ರೂಢಿ ಇದೆ. ಆ ಚೀಟಿಗಳಲ್ಲಿಯೂ ಕ್ರೈಸ್ತ ಮನೆಗಳ ಗೋಡೆಯ ಕ್ಯಾಲೆಂಡರುಗಳಲ್ಲಿಯೂ ಪದೇ ಪದೇ ಕಾಣಿಸುವ ಮಾತುಗಳಲ್ಲಿ ಯೆರೆಮೀಯ 29:11 ಒಂದು. ದೇವರು ತನ್ನ ಜನರಿಗಾಗಿ ಮಾಡಿಕೊಂಡಿರುವ ಆಲೋಚನೆಗಳು ಕೇಡಿನವಲ್ಲ, ಹಿತದವು, ನಿರೀಕ್ಷೆಯುಳ್ಳ ಮುಂದಿನ ದಿನಗಳನ್ನು ಕೊಡುವಂಥವು ಎಂಬುದು ಅದರ ಭಾವ. ಆದರೆ ಅದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರದ ಒಂದು ಸಾಲು. ಅದಕ್ಕೆ ಮೊದಲಿನ ವಚನವು ಬಿಡುಗಡೆಗೆ 70 ವರ್ಷ ಹಿಡಿಯುತ್ತದೆ ಎನ್ನುತ್ತದೆ. ಅಂದರೆ ಪತ್ರವನ್ನು ಕೇಳಿಸಿಕೊಂಡ ವಯಸ್ಕರಲ್ಲಿ ಹೆಚ್ಚಿನವರು ಆ ಮಾತು ನೆರವೇರುವುದನ್ನು ನೋಡುವಂತಿರಲಿಲ್ಲ. ಅವರಿಗೆ ಪ್ರವಾದಿ ಹೇಳಿದ್ದು ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಯಾಗಿ ಬಂದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು. ಇದಕ್ಕೆ ಎದುರಾಗಿ 28ನೆಯ ಅಧ್ಯಾಯದಲ್ಲಿ ಹನನ್ಯನೆಂಬವನು ದೇವರ ಹೆಸರಿನಲ್ಲಿಯೇ ಎರಡು ವರ್ಷದೊಳಗೆ ಎಲ್ಲವೂ ಮರಳುತ್ತದೆಂದು ಸಾರಿ, ಯೆರೆಮೀಯನ ಹೆಗಲ ಮೇಲಿನ ನೊಗವನ್ನು ಮುರಿದುಹಾಕುತ್ತಾನೆ. ಬೇಗನೆ ಒಳಿತಾಗುತ್ತದೆ ಎಂದ ಅವನನ್ನು ಗ್ರಂಥವು ಸುಳ್ಳು ಪ್ರವಾದಿ ಎನ್ನುತ್ತದೆ. ವಚನವು ಚೀಟಿಗೆ ಇಳಿದಾಗ ಉಳಿಯುವುದು ಯೆರೆಮೀಯನ ಮಾತೇ ಆದರೂ, ಅದನ್ನು ಆ ಒಂದೇ ವರ್ಷದ ಭರವಸೆಯೆಂದು ಓದಿಕೊಂಡರೆ ಕೇಳಿಸುವುದು ಹನನ್ಯನ ದನಿ.

ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಪಂಡಿತರು ಪ್ರಲಾಪ ಕೀರ್ತನೆಗಳೆಂದು ಗುರುತಿಸುತ್ತಾರೆ. ಪ್ರಲಾಪವೆಂದರೆ ದೇವರ ಮುಂದೆ ನೇರವಾಗಿ ತೋಡಿಕೊಳ್ಳುವ ದೂರು, ಮೊರೆ, ಕಣ್ಣೀರು. 13ನೆಯ ಕೀರ್ತನೆಯು ಮೊದಲ ಎರಡು ವಚನಗಳಲ್ಲಿಯೇ ಎಲ್ಲಿಯವರೆಗೆ ಎಂದು ನಾಲ್ಕು ಸಲ ಕೇಳುತ್ತದೆ. ಇಡೀ ಜನಾಂಗದ ಬಾಯಿಂದ ಬರುವ 44ನೆಯ ಕೀರ್ತನೆ ಇನ್ನೂ ದಿಟ್ಟವಾದದ್ದು: ತಾವು ದೇವರನ್ನು ಮರೆತಿಲ್ಲ, ಒಡಂಬಡಿಕೆಗೆ ತಪ್ಪಿಲ್ಲ, ಆದರೂ ಕೊಯ್ಯುವ ಕುರಿಗಳಂತೆ ತಮ್ಮನ್ನು ಒಪ್ಪಿಸಿಕೊಡಲಾಗಿದೆ ಎಂದು ಹೇಳಿ, ನಿದ್ರಿಸುತ್ತಿರುವ ದೇವರು ಎಚ್ಚರಗೊಳ್ಳಬೇಕೆಂದು ಕೂಗುತ್ತದೆ. ಹೆಚ್ಚಿನ ಪ್ರಲಾಪಗಳು ಕೊನೆಗೆ ಸ್ತೋತ್ರದ ಕಡೆಗೆ ತಿರುಗುತ್ತವೆ. 88ನೆಯ ಕೀರ್ತನೆ ತಿರುಗುವುದಿಲ್ಲ, ಅದು ಕತ್ತಲೆಯ ಮಾತಿನಲ್ಲಿಯೇ ನಿಂತುಬಿಡುತ್ತದೆ. ಅಮೆರಿಕದ ಹಳೆಯ ಒಡಂಬಡಿಕೆಯ ವಿದ್ವಾಂಸ ವಾಲ್ಟರ್ ಬ್ರೂಗಮನ್ ಅವರು 1984ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಕೀರ್ತನೆಗಳನ್ನು ನೆಲೆಗೊಂಡ ಬಾಳಿನವು, ನೆಲೆತಪ್ಪಿದ ಬಾಳಿನವು, ಹೊಸದಾಗಿ ನೆಲೆ ಕಂಡ ಬಾಳಿನವು ಎಂದು ಮೂರಾಗಿ ವಿಂಗಡಿಸಿ, ಸಭೆಗಳು ಮೊದಲನೆಯ ಗುಂಪಿಗೇ ಅಂಟಿಕೊಂಡು ನಡುವಿನ ಗುಂಪನ್ನು ಕಡೆಗಣಿಸುತ್ತಿವೆ ಎಂದು ಎಚ್ಚರಿಸಿದರು. ಈ ಎಚ್ಚರಿಕೆ ನ್ಯಾಯವಾದದ್ದು. ದೇವರೊಡನೆ ಜಗಳವಾಡುವವನು ದೇವರನ್ನು ಬಿಟ್ಟುಹೋದವನಲ್ಲ. ದೂರು ಕೊಡಬೇಕಾದರೆ ಕೇಳುವವನು ಇದ್ದಾನೆಂಬ ನಂಬಿಕೆ ಮೊದಲೇ ಇರಬೇಕು. ಆದ್ದರಿಂದ ಪ್ರಲಾಪವನ್ನು ಅವಿಶ್ವಾಸವೆಂದು ತಡೆಯುವ ಸಭೆಯು ವಿಶ್ವಾಸದ ಒಂದು ಭಾಷೆಯನ್ನೇ ಕಿತ್ತುಕೊಂಡಂತಾಗುತ್ತದೆ.

ಯೋಬನ ಗ್ರಂಥವು ಈ ಮಾತಿಗೆ ಬೈಬಲಿನೊಳಗೇ ದೊರೆಯುವ ಅತಿ ದೊಡ್ಡ ಸಾಕ್ಷ್ಯ. ತಪ್ಪಿಲ್ಲದೆ ನೋಯುತ್ತಿರುವ ಅವನಿಗೆ ಗೆಳೆಯರು ಹೇಳುವುದೆಲ್ಲ ಧರ್ಮನಿಷ್ಠವಾಗಿಯೇ ಇದೆ: ದೇವರು ನ್ಯಾಯವಂತನು, ಪಾಪಕ್ಕೆ ಶಿಕ್ಷೆ ಉಂಟು, ತಿರುಗಿಕೊಂಡರೆ ಒಳಿತಾಗುತ್ತದೆ. ಯೋಬನಾದರೋ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನು ನ್ಯಾಯಸ್ಥಾನಕ್ಕೆ ಕರೆಯುತ್ತಾನೆ. ಆದರೂ 42ನೆಯ ಅಧ್ಯಾಯದಲ್ಲಿ ದೇವರ ಕೋಪಕ್ಕೆ ಗುರಿಯಾಗುವವರು ದೇವರ ಪರವಾಗಿ ವಾದಿಸಿದ ಆ ಗೆಳೆಯರೇ, ಸರಿಯಾಗಿ ಮಾತಾಡಿದವನೆನಿಸಿಕೊಳ್ಳುವವನು ಯೋಬ. ಗ್ರಂಥದ ಆರಂಭದಲ್ಲಿ ಪರಲೋಕದ ಸಭೆಯಲ್ಲಿ ನಡೆದ, ಅವನ ನೋವಿಗೆ ಕಾರಣವಾದ ಸಂಗತಿ ಓದುಗರಿಗೆ ಗೊತ್ತಿದೆ. ಯೋಬನಿಗೆ ಅದನ್ನು ಕೊನೆಯವರೆಗೂ ಯಾರೂ ತಿಳಿಸುವುದಿಲ್ಲ. ಬಿರುಗಾಳಿಯೊಳಗಿಂದ ಬಂದ ದೇವರ ಮಾತಿನಲ್ಲಿ ಕಾರಣದ ಸುಳಿವೇ ಇಲ್ಲ, ಭೂಮಿಯ ಅಸ್ತಿವಾರದಿಂದ ಕಾಡುಮೃಗಗಳ ಹೆರಿಗೆಯವರೆಗೆ ಪ್ರಶ್ನೆಗಳ ಮೇಲೆ ಪ್ರಶ್ನೆಗಳಿವೆ. ಕಾರಣ ತಿಳಿಯದೆಯೇ ದೇವರ ಸನ್ನಿಧಿ ದೊರೆತದ್ದು ಯೋಬನಿಗೆ ಸಾಕಾಯಿತೇ ಎಂಬುದರ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ, ಏಕೆಂದರೆ ಅವನ ಕಡೆಯ ಉತ್ತರದ ಹೀಬ್ರೂ ಪಾಠವೇ ಹಲವು ಅರ್ಥಗಳಿಗೆ ಎಡೆಗೊಡುತ್ತದೆ.

ಹೊಸ ಒಡಂಬಡಿಕೆಯಲ್ಲಿ ಚಿಂತೆಯನ್ನು ಕುರಿತ ಯೇಸುವಿನ ಬೋಧನೆ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ. ಆಕಾಶದ ಹಕ್ಕಿಗಳನ್ನೂ ಅಡವಿಯ ಹೂಗಳನ್ನೂ ತೋರಿಸಿ ನಾಳೆಯ ಚಿಂತೆ ಬೇಡ ಎನ್ನುವ ಈ ಬೋಧನೆಯನ್ನು ಕಷ್ಟವೇ ಬಾರದೆಂಬ ಆಶ್ವಾಸನೆಯಾಗಿ ಓದುವವರಿದ್ದಾರೆ; ಆದರೆ ಆ ಭಾಗದ ಕೊನೆಯ ವಚನವು ಆಯಾ ದಿನಕ್ಕೆ ಆ ದಿನದ ಕಾಟ ಇದ್ದೇ ಇದೆ ಎಂದು ಒಪ್ಪಿಕೊಳ್ಳುತ್ತದೆ. ಅದೇ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಶೋಧಕನು ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ದೇವದೂತರು ಕೈಗಳಲ್ಲಿ ಎತ್ತಿಕೊಳ್ಳುವರೆಂಬ 91ನೆಯ ಕೀರ್ತನೆಯ ಮಾತನ್ನೇ ಹೇಳಿ ಕೆಳಕ್ಕೆ ಧುಮುಕೆನ್ನುತ್ತಾನೆ. ದೇವರ ವಾಗ್ದಾನವನ್ನು ಹಿಡಿದುಕೊಂಡು ದೇವರನ್ನು ಪರೀಕ್ಷಿಸುವುದು ವಿಶ್ವಾಸವಲ್ಲವೆಂದು ಯೇಸು ಅದನ್ನು ತಳ್ಳಿಹಾಕುತ್ತಾನೆ. ಸಿಲೋವದಲ್ಲಿ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಪಾಪಿಗಳಾಗಿದ್ದರೇ ಎಂಬ ಲೆಕ್ಕಾಚಾರವನ್ನೂ ಆತನು ಲೂಕನ ಸುವಾರ್ತೆಯಲ್ಲಿ ನಿರಾಕರಿಸುತ್ತಾನೆ. ಇನ್ನು ಗೆತ್ಸೆಮನೆ ತೋಟದ ಪ್ರಾರ್ಥನೆ. ನನ್ನ ಚಿತ್ತವಲ್ಲ, ನಿನ್ನ ಚಿತ್ತವಾಗಲಿ ಎಂಬ ಅದರ ಕೊನೆಯನ್ನು ಕ್ರೈಸ್ತರು ಬಾಯಿಪಾಠ ಮಾಡಿಕೊಂಡಿದ್ದಾರೆ; ಅದಕ್ಕೆ ಮೊದಲು ಈ ಪಾತ್ರೆ ತನ್ನಿಂದ ತೊಲಗಲೆಂಬ ಬೇಡಿಕೆ ಬಂದಿತ್ತೆಂಬುದನ್ನು, ಆ ಬೇಡಿಕೆಯನ್ನು ಮತ್ತೆ ಮತ್ತೆ ಮುಂದಿಟ್ಟಿದ್ದನೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಬೇಡದೆಯೇ ಶರಣಾಗುವುದನ್ನು ಯೇಸು ಕಲಿಸಲಿಲ್ಲ. ಶಿಲುಬೆಯ ಮೇಲೆ ಆತನ ಬಾಯಲ್ಲಿ ಬಂದದ್ದು ಕೈಬಿಟ್ಟದ್ದೇಕೆ ಎಂದು ಕೇಳುವ 22ನೆಯ ಕೀರ್ತನೆ, ಅದೂ ಒಂದು ಪ್ರಲಾಪವೇ.

ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯವನ್ನು ಇಡಿಯಾಗಿ ಓದಿದವರಿಗೆ ಇದೇ ಜೋಡಣೆ ಕಾಣುತ್ತದೆ. ದೇವರನ್ನು ಪ್ರೀತಿಸುವವರ ಹಿತಕ್ಕಾಗಿ ಎಲ್ಲವೂ ಕೂಡಿ ಬರುತ್ತದೆಂಬ 28ನೆಯ ವಚನವು ಸಾವಿನ ಮನೆಗಳಲ್ಲಿಯೂ ಹೇಳಲ್ಪಡುತ್ತದೆ, ಮತ್ತು ಕೆಲವೊಮ್ಮೆ ಅದರಿಂದ ಗಾಯವೂ ಆಗುತ್ತದೆ. ಆ ವಚನಕ್ಕೆ ಮುಂಚೆ ಸೃಷ್ಟಿಯೆಲ್ಲ ಹೆರಿಗೆಯ ನೋವಿನಲ್ಲಿ ನರಳುತ್ತಿದೆಯೆಂದೂ, ವಿಶ್ವಾಸಿಗಳಿಗೆ ಏನು ಪ್ರಾರ್ಥಿಸಬೇಕೆಂಬುದೂ ಗೊತ್ತಿಲ್ಲವೆಂದೂ ಪೌಲನು ಒಪ್ಪಿಕೊಂಡಿರುತ್ತಾನೆ. ಅದರ ನಂತರ, 36ನೆಯ ವಚನದಲ್ಲಿ, ಕೊಯ್ಯುವ ಕುರಿಗಳ ಮಾತನ್ನಾಡುವ ಆ 44ನೆಯ ಕೀರ್ತನೆಯನ್ನೇ ಎತ್ತಿಕೊಳ್ಳುತ್ತಾನೆ. ಇಸ್ರಾಯೇಲ್ಯರ ಅತಿ ಕಹಿಯಾದ ದೂರು ಮತ್ತು ದೇವರ ಪ್ರೀತಿಯಿಂದ ತಮ್ಮನ್ನು ಯಾವುದೂ ಅಗಲಿಸಲಾರದೆಂಬ ಘೋಷಣೆ ಹೀಗೆ ಒಂದೇ ಉಸಿರಿನಲ್ಲಿ ಬರುತ್ತವೆ. ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯವೂ ಹಾಗೆಯೇ. ವಿಶ್ವಾಸದಿಂದ ಸಿಂಹಗಳ ಬಾಯಿ ಕಟ್ಟಿದವರನ್ನು, ಬೆಂಕಿಯ ಬಲವನ್ನು ಆರಿಸಿದವರನ್ನು ಕೊಂಡಾಡುತ್ತಿದ್ದ ಬರಹವು 35ನೆಯ ವಚನದ ನಡುವೆ ಇದ್ದಕ್ಕಿದ್ದಂತೆ ಬೇರೆ ಕೆಲವರ ಕಡೆಗೆ ತಿರುಗಿ, ಕೊರಡೆಗಳ ಪೆಟ್ಟು ತಿಂದವರನ್ನೂ ಗರಗಸದಿಂದ ಕೊಯ್ಯಲ್ಪಟ್ಟವರನ್ನೂ ಅದೇ ವಿಶ್ವಾಸದ ಪಟ್ಟಿಯಲ್ಲಿ ಸೇರಿಸುತ್ತದೆ. ಬಿಡುಗಡೆ ಕಂಡವರ ವಿಶ್ವಾಸ ದೊಡ್ಡದು, ಕಾಣದವರದು ಸಣ್ಣದು ಎಂಬ ಅಳತೆಯೇ ಅಲ್ಲಿಲ್ಲ.

ಈ ಬೋಧನೆಗೆ ಸಭೆಯ ಚರಿತ್ರೆಯಲ್ಲಿ ಎದುರಾದ ಒಂದು ದೊಡ್ಡ ಪರೀಕ್ಷೆಯೆಂದರೆ 410ರಲ್ಲಿ ಅಲಾರಿಕನ ಪಡೆ ರೋಮ್ ನಗರವನ್ನು ಲೂಟಿ ಮಾಡಿದ್ದು. ಹಳೆಯ ದೇವತೆಗಳನ್ನು ಬಿಟ್ಟದ್ದರಿಂದಲೇ ನಗರ ಬಿತ್ತೆಂಬ ಆಪಾದನೆ ಒಂದು ಕಡೆ, ಕ್ರೈಸ್ತರ ದೇವರು ಕ್ರೈಸ್ತರನ್ನೇಕೆ ಕಾಯಲಿಲ್ಲವೆಂಬ ಕಂಗಾಲು ಇನ್ನೊಂದು ಕಡೆ. ಉತ್ತರ ಆಫ್ರಿಕದ ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದ ಅಗಸ್ಟೀನರು 413ರಿಂದ 426ರವರೆಗೆ 22 ಭಾಗಗಳಲ್ಲಿ ಬರೆದ ದೇವರ ನಗರ ಎಂಬ ಗ್ರಂಥ ಇವೆರಡಕ್ಕೂ ಉತ್ತರ. ಸುಖವೂ ಕಷ್ಟವೂ ಈ ಲೋಕದಲ್ಲಿ ಒಳ್ಳೆಯವರಿಗೂ ಕೆಟ್ಟವರಿಗೂ ಸಮನಾಗಿ ಬರುತ್ತವೆ, ಯಾವ ಸಾಮ್ರಾಜ್ಯದ ಏಳುಬೀಳನ್ನೂ ದೇವರ ಒಲವಿಗೆ ಅಳತೆಗೋಲು ಮಾಡಬಾರದು ಎಂಬುದು ಅವರ ವಾದದ ತಿರುಳು. 430ರಲ್ಲಿ ವಂಡಾಲರ ಸೈನ್ಯ ಹಿಪ್ಪೋ ನಗರಕ್ಕೆ ಮುತ್ತಿಗೆ ಹಾಕಿದ್ದಾಗಲೇ ಅವರು ತೀರಿಕೊಂಡರು. ಮಧ್ಯಯುಗದ ಥಾಮಸ್ ಅಕ್ವಿನಾಸರು ದೇವರನ್ನು ಮೂಲಕಾರಣವೆಂದೂ, ಮನುಷ್ಯರ ಪ್ರಯತ್ನ, ಪ್ರಕೃತಿಯ ನಿಯಮ ಮೊದಲಾದವನ್ನು ದೇವರೇ ಬಳಸಿಕೊಳ್ಳುವ ಉಪಕಾರಣಗಳೆಂದೂ ಬೇರ್ಪಡಿಸಿ ತೋರಿಸಿದರು; ವೈದ್ಯನು ಗುಣಪಡಿಸಿದನೇ ದೇವರು ಗುಣಪಡಿಸಿದನೇ ಎಂಬ ಪ್ರಶ್ನೆ ಈ ವಿಂಗಡಣೆಯಲ್ಲಿ ಸ್ಪರ್ಧೆಯಾಗಿ ಉಳಿಯುವುದಿಲ್ಲ.

ಸುಧಾರಣೆಯ ಕಾಲದ ಬರಹಗಳಲ್ಲಿ ಕ್ಯಾಲ್ವಿನರ ಪರಿಪಾಲನಾ ಬೋಧನೆ ಕಠಿಣವೆಂಬ ಹೆಸರು ಪಡೆದಿದೆ. ಆದರೆ 1559ರಲ್ಲಿ ಅಂತಿಮ ರೂಪ ಪಡೆದ ಅವರ ಮುಖ್ಯ ಗ್ರಂಥದಲ್ಲಿ ಈ ಬೋಧನೆ ಬರುವುದು ಭಯಕ್ಕೆ ಔಷಧವಾಗಿ: ಹಡಗು ಹತ್ತಿದರೂ ಕುದುರೆ ಏರಿದರೂ ಬೀದಿಯಲ್ಲಿ ನಡೆದರೂ ಸಾವು ಕಾದಿದೆ, ಮನೆಗಳ ಮೇಲಿನ ಹಂಚುಗಳಷ್ಟೇ ಅಪಾಯಗಳು ತಲೆಯ ಮೇಲಿವೆ ಎಂದು ಪಟ್ಟಿ ಮಾಡಿ, ಕುರುಡು ವಿಧಿಯ ಕೈಯಲ್ಲಿದ್ದೇವೆಂದುಕೊಂಡವನಿಗೆ ನೆಮ್ಮದಿ ಎಲ್ಲಿಂದ ಬರಬೇಕೆಂದು ಅವರು ಕೇಳುತ್ತಾರೆ. ಫ್ರಾನ್ಸನ್ನು ಬಿಟ್ಟು ಓಡಿಬಂದು ಜಿನೀವಾದಲ್ಲಿ ನೆಲೆಸಿದವರ ಮಾತಿದು. ಬದುಕಿನ ಮಿತಿಯನ್ನು ನಿಶ್ಚಯಿಸಿದ ದೇವರೇ ಬದುಕನ್ನು ಕಾಯ್ದುಕೊಳ್ಳುವ ಹೊಣೆಯನ್ನೂ ಅದಕ್ಕೆ ಬೇಕಾದ ಉಪಾಯಗಳನ್ನೂ ಮನುಷ್ಯನಿಗೆ ಕೊಟ್ಟಿದ್ದಾನೆಂದು ಅವರು ಸೇರಿಸುತ್ತಾರೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರವೂ 27 ಮತ್ತು 28ನೆಯ ಪ್ರಶ್ನೆಗಳಲ್ಲಿ ಮಳೆ ಮತ್ತು ಬರ, ಆರೋಗ್ಯ ಮತ್ತು ರೋಗ, ಸಿರಿತನ ಮತ್ತು ಬಡತನ ತಂದೆಯ ಕೈಯಿಂದಲೇ ಬರುತ್ತವೆಂದು ಕಲಿಸುತ್ತದೆ. ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಬಡತನವು ದೇವರ ಕೈಯಿಂದ ಬಂತೆಂಬ ಮಾತು ಬಡವನ ಪ್ರಾರ್ಥನೆಯಲ್ಲಿ ಒಂದು ಅರ್ಥ ಕೊಟ್ಟರೆ, ಅವನಿಗೆ ಕೂಲಿ ಕಡಿಮೆ ಕೊಡುವವನ ಬಾಯಲ್ಲಿ ಸಂಪೂರ್ಣ ಬೇರೆಯ ಅರ್ಥ ಕೊಡುತ್ತದೆ.

ಸಿದ್ಧಾಂತ ಮತ್ತು ನಡವಳಿಕೆ ಒಂದೆಡೆ ಕೂಡಿದ ಒಂದು ಬರಹವನ್ನು ಹೆಸರಿಸಬೇಕಾದರೆ ಮಾರ್ಟಿನ್ ಲೂಥರರು 1527ರಲ್ಲಿ ಬರೆದ ಪತ್ರವನ್ನೇ ಹೆಸರಿಸಬೇಕು. ಆ ವರ್ಷದ ಆಗಸ್ಟಿನಲ್ಲಿ ವಿಟ್ಟನ್‌ಬರ್ಗ್ ಪಟ್ಟಣಕ್ಕೆ ಪ್ಲೇಗ್ ಬಂದು, ವಿಶ್ವವಿದ್ಯಾಲಯವು ಯೇನಾ ಪಟ್ಟಣಕ್ಕೆ ಸ್ಥಳಾಂತರವಾಯಿತು. ಊರು ಬಿಡಬೇಕೆಂದು ಅರಸನು ಹೇಳಿದರೂ ಲೂಥರರು ಅಲ್ಲಿಯೇ ಉಳಿದರು. ಅವರ ಮನೆಯೇ ರೋಗಿಗಳ ಆರೈಕೆಯ ಸ್ಥಳವಾಯಿತು, ಹೆಂಡತಿ ಕತರಿನಾ ಆಗ ಬಸುರಿಯಾಗಿದ್ದರು. ಪ್ಲೇಗಿನಿಂದ ಓಡಿಹೋಗುವುದು ಕ್ರೈಸ್ತನಿಗೆ ಸಲ್ಲುವುದೇ ಎಂದು ಬ್ರೆಸ್ಲಾವಿನ ಪಾದ್ರಿ ಯೋಹಾನ್ ಹೆಸ್ ಕೇಳಿದ್ದಕ್ಕೆ ಲೂಥರರು ಕೊಟ್ಟ ಉತ್ತರ ಯಾವುದೇ ಒಂದು ಬದಿಗೆ ವಾಲುವುದಿಲ್ಲ. ಪಾದ್ರಿಗಳು, ಅಧಿಕಾರಿಗಳು, ವೈದ್ಯರು, ಅನಾಥರ ಪೋಷಕರು, ಅಂದರೆ ಇನ್ನೊಬ್ಬರ ಹೊಣೆ ಹೊತ್ತವರು, ತಮ್ಮ ಬದಲಿಗೆ ಬೇರೆಯವರು ಇಲ್ಲದಿದ್ದರೆ ನಿಲ್ಲಬೇಕು. ಅಂಥ ಹೊಣೆ ಇಲ್ಲದವರು ಜೀವ ಉಳಿಸಿಕೊಳ್ಳಲು ಹೋದರೆ ಅದು ಪಾಪವಲ್ಲ. ದೇವರು ಕಾಯುತ್ತಾನೆಂದು ಔಷಧವನ್ನು ಬಿಟ್ಟು, ರೋಗವಿರುವಲ್ಲಿಗೆ ಸುಮ್ಮನೆ ಹೋಗಿಬರುವವರು ದೇವರನ್ನು ನಂಬುವವರಲ್ಲ, ಪರೀಕ್ಷಿಸುವವರು. ಅವರಿಂದ ಬೇರೆಯವರಿಗೆ ರೋಗ ತಗುಲಿದರೆ ಆ ಸಾವಿಗೆ ಅವರೇ ಹೊಣೆ. ತಾನಂತೂ ದೇವರನ್ನು ಬೇಡಿಕೊಂಡು, ಮನೆಗೆ ಹೊಗೆ ಹಾಕಿ, ಔಷಧ ಕೊಟ್ಟು ತೆಗೆದುಕೊಂಡು, ತನ್ನ ಅಗತ್ಯವಿಲ್ಲದ ಕಡೆಗೆ ಹೋಗದೆ, ನೆರೆಯವನಿಗೆ ಬೇಕಾದಾಗ ಹಿಂಜರಿಯದೆ ಹೋಗುವೆನೆಂಬುದು ಅವರ ನಿರ್ಧಾರ. 2020ರ ಕೊರೊನಾ ಕಾಲದಲ್ಲಿ ಈ ಪತ್ರವನ್ನು ಜಗತ್ತಿನಾದ್ಯಂತ ಜನ ಮತ್ತೆ ಓದಿದರು. ಇದರಲ್ಲಿ ಭರವಸೆಯ ಅಳತೆಗೋಲು ರೋಗ ತಗುಲದಿರುವುದಲ್ಲ, ನೆರೆಯವನ ಬಗೆಗಿನ ಹೊಣೆ. ಆ ವರ್ಷ ಡಿಸೆಂಬರಿನಲ್ಲಿ ಹುಟ್ಟಿದ ಅವರ ಮಗಳು ಎಲಿಸಬೆತ್ ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡಳು.

ಕಥೋಲಿಕ ಪರಂಪರೆಯು ಇದೇ ಪ್ರಶ್ನೆಯನ್ನು ಹೆಚ್ಚಾಗಿ ಒಳಬಾಳಿನ ದಾರಿಯಿಂದ ಹಿಡಿಯಿತು. ತಮ್ಮದೇ ಸನ್ಯಾಸಿ ಸಂಘದವರ ಕೈಯಲ್ಲಿ 1577ರಿಂದ 1578ರವರೆಗೆ ಟೊಲೆಡೊದಲ್ಲಿ ಸೆರೆಯಲ್ಲಿದ್ದ ಶಿಲುಬೆಯ ಯೋಹಾನರು, ದೇವರ ಅನುಭವವೇ ಬತ್ತಿಹೋದಂತೆ ತೋರುವ ಅವಸ್ಥೆಯನ್ನು ಆತ್ಮದ ಕತ್ತಲಿರುಳು ಎಂದು ಕರೆದು, ಅದು ದೇವರು ದೂರವಾದದ್ದರ ಗುರುತಾಗಿರಬೇಕಿಲ್ಲವೆಂದು ವಿವರಿಸಿದರು. ಕಲ್ಕತ್ತೆಯ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲವೆಂಬುದು ಹೊರಗೆ ತಿಳಿದು ಅನೇಕರು ಬೆರಗಾದರು. ಭರವಸೆಯನ್ನು ಒಂದು ಹಿತವಾದ ಭಾವನೆಯೆಂದು ಎಣಿಸಿದವರಿಗೆ ಮಾತ್ರ ಇದು ಆಘಾತ. ಅವರು ಅಷ್ಟು ವರ್ಷ ಬೆಳಗಾದರೆ ಎದ್ದು ಸಾಯುವವರ ಬಳಿಗೆ ಹೋದದ್ದನ್ನು ಬೇರೆ ಯಾವ ಹೆಸರಿನಿಂದ ಕರೆಯುವುದು?

1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಪೂಜೆಯಲ್ಲಿದ್ದ ಹೊತ್ತಿನಲ್ಲಿ ಲಿಸ್ಬನ್ ನಗರವನ್ನು ಭೂಕಂಪ, ಸಮುದ್ರದ ಅಲೆ ಮತ್ತು ಬೆಂಕಿ ಒಟ್ಟಾಗಿ ನಾಶಮಾಡಿದವು. ತತ್ತ್ವಜ್ಞಾನಿ ಲೈಬ್ನಿಟ್ಸರು 1710ರಲ್ಲಿ ಮಂಡಿಸಿದ್ದ, ಇರಬಹುದಾದ ಲೋಕಗಳಲ್ಲಿ ಇದೇ ಉತ್ತಮವೆಂಬ ವಾದವನ್ನು ವೋಲ್ಟೇರ್ 1759ರ ಕಾಂಡಿಡ್ ಕಥೆಯಲ್ಲಿ ಕುಟುಕಿದ್ದು ಪ್ರಸಿದ್ಧ. ಭೂಕಂಪವು ಪಾಪಕ್ಕೆ ಶಿಕ್ಷೆಯೆಂದು ಬರೆದ ಯೇಸುಸಭೆಯ ಪಾದ್ರಿ ಮಲಗ್ರೀದಾ, ನಗರವನ್ನು ಮತ್ತೆ ಕಟ್ಟಲು ಜನರನ್ನು ಎಬ್ಬಿಸುತ್ತಿದ್ದ ಮಂತ್ರಿ ಪೊಂಬಾಲರ ವಿರೋಧ ಕಟ್ಟಿಕೊಂಡದ್ದೂ ಆಗಲೇ. ಯುರೋಪಿನ ವಿಚಾರವಂತರಲ್ಲಿ ಪರಿಪಾಲನೆಯ ಬೋಧನೆ ಆ ಹೊಡೆತದಿಂದ ಪೂರ್ತಿ ಚೇತರಿಸಿಕೊಳ್ಳಲಿಲ್ಲವೆನ್ನಬಹುದು. ಆದರೆ ಅಲ್ಲಿ ಬಿದ್ದದ್ದು ತತ್ತ್ವಜ್ಞಾನಿಗಳ ವಿವರಣೆಯೇ ಹೊರತು ಕೀರ್ತನೆಗಳ ಭರವಸೆಯಲ್ಲ, ಏಕೆಂದರೆ ಕೀರ್ತನೆಗಳು ಲೋಕ ಸರಿಯಾಗಿದೆಯೆಂದು ಎಂದೂ ಹೇಳಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಭರವಸೆಯನ್ನು ಸಂಸ್ಥೆಯ ನಿಯಮವಾಗಿಯೇ ಮಾಡಿಕೊಂಡವರು ಹುಟ್ಟಿಕೊಂಡರು. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ 1836ರಿಂದ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮ್ಯೂಲರರು ಯಾರ ಬಳಿಯೂ ಹಣ ಕೇಳದೆ ಪ್ರಾರ್ಥನೆಯಲ್ಲಿ ಮಾತ್ರ ಕೇಳುವುದೆಂದು ನಿಶ್ಚಯಿಸಿ, 1898ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸುಮಾರು 10,000 ಮಕ್ಕಳನ್ನು ಸಾಕಿದ್ದರು. ಅವರ ವರದಿಗಳು ಅಚ್ಚಾಗಿ ಎಲ್ಲೆಡೆ ಹಂಚಿಕೆಯಾಗುತ್ತಿದ್ದವು, ಅವೇ ದಾನಿಗಳನ್ನು ತಂದವೆಂಬ ಆಕ್ಷೇಪದಲ್ಲಿ ಸ್ವಲ್ಪ ನಿಜವಿದ್ದರೂ, ಪೈಸೆ ಪೈಸೆಗೂ ಲೆಕ್ಕವಿಟ್ಟ ಅವರ ಶಿಸ್ತು ಗಮನಾರ್ಹ. ಮ್ಯೂಲರರ ಜೀವನಚರಿತ್ರೆಯನ್ನು ಓದಿ ಅದೇ ದಾರಿ ಹಿಡಿದವರಲ್ಲಿ ಪಂಡಿತಾ ರಮಾಬಾಯಿ ಒಬ್ಬರು. ಅವರು ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಸಂಸ್ಕೃತ ವಿದ್ವಾಂಸರಾದ ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಶಾಸ್ತ್ರ ಕಲಿಸಿದವರು. 1870ರ ದಶಕದ ಬರದಲ್ಲಿ ತೀರ್ಥಯಾತ್ರೆಯ ದಾರಿಯಲ್ಲಿಯೇ ರಮಾಬಾಯಿ ತಂದೆತಾಯಿಯನ್ನು ಕಳೆದುಕೊಂಡರು, ಮುಂದೆ ಅಣ್ಣನನ್ನು, 1882ರಲ್ಲಿ ಗಂಡನನ್ನು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಮರಳಿದ ಅವರು, 1896ರ ಬರ ಮಧ್ಯಪ್ರಾಂತ್ಯದಲ್ಲಿ ಹಬ್ಬಿದಾಗ ತಾವೇ ಅಲ್ಲಿಗೆ ಹೋಗಿ, ಹಸಿವಿನಿಂದ ಸಾಯುತ್ತಿದ್ದ, ಮಾರಾಟವಾಗುತ್ತಿದ್ದ ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವಿನಲ್ಲಿ ಮುಕ್ತಿ ಸದನವನ್ನು ಕಟ್ಟಿದರು.

ರಮಾಬಾಯಿಯವರ ಭರವಸೆಯನ್ನು ಅರಿಯಲು ಅವರು ಕೇಡಗಾಂವಿನಲ್ಲಿ ತೋಡಿಸಿದ ಬಾವಿಗಳನ್ನು ಗಮನಿಸಬೇಕು. ಬರವನ್ನು ಬಾಲ್ಯದಲ್ಲಿಯೇ ಉಂಡ ಆ ಹೆಂಗಸು, ಹಣಕ್ಕೂ ನೀರಿಗೂ ದೇವರನ್ನೇ ನಂಬಿದ್ದೇನೆಂದು ಬರೆಯುತ್ತಲೇ ಆಳುಗಳನ್ನಿಟ್ಟು ಬಾವಿ ತೋಡಿಸಿದರು, ಹೊಲ ಮಾಡಿಸಿದರು, ಮಗ್ಗ, ಗಾಣ, ಅಚ್ಚುಕೂಟ ನಡೆಸಿದರು, ಹುಡುಗಿಯರಿಗೆ ಅಕ್ಷರದ ಜೊತೆಗೆ ಕೈಕೆಲಸವನ್ನೂ ಕಲಿಸಿದರು. ಮುಂದೆ ಅವರ ಮತ್ತು ಮಗಳು ಮನೋರಮಾ ಅವರ ಶ್ರಮದಿಂದ ಇಂದಿನ ಕಲಬುರಗಿಯಲ್ಲಿಯೂ ಒಂದು ಶಾಲೆ ಆರಂಭವಾಯಿತು. ತಾಯಿಯ ನಂತರ ಎಲ್ಲವನ್ನೂ ವಹಿಸಿಕೊಳ್ಳಬೇಕಾಗಿದ್ದ ಮನೋರಮಾ 1921ರಲ್ಲಿ ತೀರಿಕೊಂಡರು. ರಮಾಬಾಯಿ ಮರಾಠಿಗೆ ಬೈಬಲಿನ ಅನುವಾದವನ್ನು ಮುಗಿಸಿ ಮರುವರ್ಷ ಏಪ್ರಿಲಿನಲ್ಲಿ ಕಣ್ಣುಮುಚ್ಚಿದರು. ಉಪಕಾರಣಗಳನ್ನು ಕುರಿತ ಅಕ್ವಿನಾಸರ ಪುಟಗಳು ಹೇಳುವುದನ್ನೇ ಈ ಬಾವಿಗಳು ಇನ್ನೂ ಸ್ಪಷ್ಟವಾಗಿ ಹೇಳುತ್ತವೆ.

ಕರಾವಳಿಯ ಬಾಸೆಲ್ ಮಿಷನ್ ಚರಿತ್ರೆಯೂ ಇದಕ್ಕೆ ಹತ್ತಿರದ್ದು. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳ ಬೋಧನೆಯನ್ನು ಒಪ್ಪಿದವರಲ್ಲಿ ಅನೇಕರು ಮನೆ, ಜಾತಿ, ಕಸುಬುಗಳನ್ನು ಒಟ್ಟಿಗೆ ಕಳೆದುಕೊಂಡಾಗ, ದೇವರು ನೋಡಿಕೊಳ್ಳುತ್ತಾನೆಂದು ಹೇಳಿ ಸುಮ್ಮನಿರುವುದು ಸಾಧ್ಯವಿರಲಿಲ್ಲ. ನೇಯ್ಗೆಯ ಕಾರ್ಖಾನೆಗಳೂ, 1865ರಲ್ಲಿ ಜೆಪ್ಪುವಿನಲ್ಲಿ ಮೊದಲಾದ ಹಂಚಿನ ಕಾರ್ಖಾನೆಯೂ ಆ ಅಗತ್ಯಕ್ಕೆ ಒದಗಿದವು. ಮೊದಲನೆಯ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ, ಕಾರ್ಖಾನೆಗಳು ಬೇರೆಯವರ ಕೈಸೇರಿ, ಅವನ್ನೇ ನೆಚ್ಚಿದ್ದ ಸಭೆಗಳು ತಮ್ಮ ಕಾಲ ಮೇಲೆ ತಾವು ನಿಲ್ಲುವುದನ್ನು ಕಲಿಯಬೇಕಾಯಿತು.

ಇಪ್ಪತ್ತನೆಯ ಶತಮಾನದ ಚರ್ಚೆಗೆ ಒಂದು ಭಯಾನಕ ಹಿನ್ನೆಲೆಯಿದೆ. ಪರಿಪಾಲನೆ ಎಂಬ ಮಾತನ್ನು ಹಿಟ್ಲರನು ತನ್ನ ಭಾಷಣಗಳಲ್ಲಿ ಮತ್ತೆ ಮತ್ತೆ ಬಳಸಿದನು; 1944ರ ಜುಲೈ 20ರ ಬಾಂಬಿನಿಂದ ಪಾರಾದದ್ದನ್ನೂ ತನ್ನ ಕೆಲಸಕ್ಕೆ ದೊರೆತ ದೈವಸಮ್ಮತಿಯೆಂದು ಅಂದು ರಾತ್ರಿಯೇ ಬಾನುಲಿಯಲ್ಲಿ ಸಾರಿದನು. ದೇವಶಾಸ್ತ್ರಜ್ಞ ಕಾರ್ಲ್ ಬಾರ್ಟ್ ಅವರು 1950ರಲ್ಲಿ ಪರಿಪಾಲನೆಯನ್ನು ಕುರಿತು ಬೃಹತ್ ಸಂಪುಟವನ್ನು ಪ್ರಕಟಿಸಿದಾಗ, ಚರಿತ್ರೆಯ ಗೆಲುವುಗಳನ್ನು ನೋಡಿ ದೇವರ ಚಿತ್ತವನ್ನು ಊಹಿಸುವ ದಾರಿಯನ್ನು ಮುಚ್ಚಿ, ಕ್ರಿಸ್ತನಲ್ಲಿ ಕಂಡ ದೇವರನ್ನು ಬಿಟ್ಟು ಬೇರೆಯ ಪರಿಪಾಲಕನಿಲ್ಲವೆಂದು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣವೆನ್ನಬೇಕು. ಹಿಟ್ಲರನ ವಿರುದ್ಧದ ಸಂಚಿನ ಗುಂಪಿಗೆ ಸೇರಿದ್ದ ಜರ್ಮನ್ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ 1939ರಲ್ಲಿ ಅಮೆರಿಕದಲ್ಲಿ ಸುರಕ್ಷಿತವಾಗಿ ಉಳಿಯಬಹುದಾಗಿತ್ತು. ಕೆಲವೇ ವಾರಗಳಲ್ಲಿ ಜರ್ಮನಿಗೆ ಮರಳಿದರು. 1942ರ ಕೊನೆಯಲ್ಲಿ ಗೆಳೆಯರಿಗಾಗಿ ಬರೆದ ಬರಹದಲ್ಲಿ ಅವರು, ಕಷ್ಟವನ್ನು ತಾಳುವ ಬಲವನ್ನು ದೇವರು ಬೇಕಾದಾಗ ಕೊಡುತ್ತಾನೆಯೇ ಹೊರತು ಮುಂಗಡವಾಗಿ ಕೊಡುವುದಿಲ್ಲ, ಹಾಗೆ ಕೊಟ್ಟರೆ ಮನುಷ್ಯರು ದೇವರನ್ನು ಬಿಟ್ಟು ತಮ್ಮನ್ನೇ ನಂಬಿಕೊಳ್ಳುವರು ಎಂಬರ್ಥದ ಮಾತು ಹೇಳುತ್ತಾರೆ. ಮರುವರ್ಷ ಏಪ್ರಿಲಿನಲ್ಲಿ ಅವರ ಬಂಧನವಾಯಿತು. 1945ರ ಏಪ್ರಿಲ್ 9ರಂದು ಫ್ಲೋಸನ್‌ಬರ್ಗಿನಲ್ಲಿ ಗಲ್ಲಿಗೇರಿಸಲಾಯಿತು. ಇದೇ ಶತಮಾನದ ಕೊನೆಯ ಹೊತ್ತಿಗೆ, ಭವಿಷ್ಯವು ದೇವರಿಗೂ ಒಂದು ಮಟ್ಟಿಗೆ ತೆರೆದೇ ಇದೆ ಎಂಬ, 1994ರಲ್ಲಿ ಕ್ಲಾರ್ಕ್ ಪಿನ್ನಕ್ ಮತ್ತು ಜೊತೆಗಾರರು ಮಂಡಿಸಿದ ಮುಕ್ತ ದೇವವಾದವು ಅಮೆರಿಕದ ಇವಾಂಜೆಲಿಕಲ್ ವಲಯದಲ್ಲಿ ದೊಡ್ಡ ವಿವಾದವನ್ನೆಬ್ಬಿಸಿತು. ಅದು ದೇವರನ್ನು ಕೇಡಿನ ಆಪಾದನೆಯಿಂದ ದೂರವಿಡುತ್ತದೆ, ಆದರೆ ನೆಚ್ಚಿಕೊಳ್ಳಲು ಬೇಕಾದ ನೆಲವನ್ನೂ ಅಷ್ಟರಮಟ್ಟಿಗೆ ಸಡಿಲಿಸುತ್ತದೆ.

ಪೆರುವಿನ ಗುಸ್ತಾವೊ ಗುಟಿಯರೆಸ್ ಅವರು ಯೋಬನನ್ನು ಕುರಿತು 1986ರಲ್ಲಿ ಬರೆದ ಪುಸ್ತಕವು ಮೇಲೆ ಹೇಳಿದ ಬಡತನದ ತೊಡಕನ್ನು ನೇರವಾಗಿ ಎದುರಿಸುತ್ತದೆ. ತಪ್ಪಿಲ್ಲದೆ ನೋಯುವವರ ನಡುವೆ ನಿಂತು ದೇವರನ್ನು ಕುರಿತು ಮಾತಾಡುವುದು ಹೇಗೆಂಬುದು ಅಲ್ಲಿನ ಪ್ರಶ್ನೆ. ಯೋಬನು ತನ್ನ ನೋವಿನಿಂದ ಬಡವರೆಲ್ಲರ ನೋವಿನ ಕಡೆಗೆ ತಿರುಗುವಾಗ ಕಲಿಯುವ ಪ್ರವಾದಿಯ ಭಾಷೆ, ದೇವರ ಉಚಿತ ಪ್ರೀತಿಯ ಮುಂದೆ ಕಲಿಯುವ ಧ್ಯಾನದ ಭಾಷೆ, ಈ ಎರಡೂ ಬೇಕೆಂದು ಅವರು ವಾದಿಸುತ್ತಾರೆ. ಮೊದಲನೆಯದಿಲ್ಲದೆ ಎರಡನೆಯದನ್ನು ಬೋಧಿಸಿದರೆ ಭರವಸೆಯು ಅನ್ಯಾಯಕ್ಕೆ ತಲೆಬಾಗುವ ಅಭ್ಯಾಸವಾಗಿಬಿಡುತ್ತದೆ.

ಇವತ್ತು ಭರವಸೆಯ ಹೆಸರಿನಲ್ಲಿ ಬಹಳಷ್ಟು ಜನರನ್ನು ತಲುಪುತ್ತಿರುವುದು ಸಮೃದ್ಧಿ ಬೋಧನೆ. ಸರಿಯಾದ ವಿಶ್ವಾಸವಿದ್ದರೆ, ಅದನ್ನು ಬಾಯಿಬಿಟ್ಟು ಅರಿಕೆ ಮಾಡಿದರೆ, ಧಾರಾಳವಾಗಿ ಕಾಣಿಕೆ ಕೊಟ್ಟರೆ ಆರೋಗ್ಯವೂ ಐಶ್ವರ್ಯವೂ ಬರಲೇಬೇಕು ಎಂಬ ಈ ಬೋಧನೆಯು ಕೆನೆತ್ ಹೇಗಿನ್, ಓರಲ್ ರಾಬರ್ಟ್ಸ್ ಮೊದಲಾದ ಅಮೆರಿಕದ ಬೋಧಕರಿಂದ ಬೆಳೆದು ದೂರದರ್ಶನದ ಮೂಲಕ ಭಾರತಕ್ಕೂ ಬಂದಿದೆ. 2010ರಲ್ಲಿ ಕೇಪ್‌ಟೌನಿನಲ್ಲಿ ಸೇರಿದ, ಇವಾಂಜೆಲಿಕಲ್ ಕ್ರೈಸ್ತರ ಲೌಸಾನ್ ಸಮ್ಮೇಳನದ ಘೋಷಣೆಯು ಇದನ್ನು ಬಹಿರಂಗವಾಗಿ ಖಂಡಿಸಿತು. ಬಡವರು ಇದರ ಕಡೆಗೆ ಒಲಿಯುವುದನ್ನು ಮೌಢ್ಯವೆಂದು ಹೀಗಳೆಯಬಾರದು. ದೇವರಿಗೆ ತಮ್ಮ ಬಾಡಿಗೆ, ಸಾಲ, ಮಗುವಿನ ಜ್ವರಗಳ ಬಗ್ಗೆ ಕಾಳಜಿಯಿದೆಯೆಂದು ಹೇಳುವವರು ಅವರಿಗೆ ಬೇರೆಡೆ ಸಿಕ್ಕಿರುವುದಿಲ್ಲ. ಆದರೆ ಗುಣವಾಗದ ರೋಗಿಯ ಮೇಲೆ ಈ ಬೋಧನೆ ಎರಡನೆಯ ಹೊರೆಯನ್ನು ಹೊರಿಸುತ್ತದೆ, ನಿನ್ನ ವಿಶ್ವಾಸ ಸಾಲದೆಂಬ ಹೊರೆಯನ್ನು. ಈ ಬೋಧನೆಯ ಚರಿತ್ರೆಯನ್ನು ಬರೆದ ಕೇಟ್ ಬೌಲರ್ ಅವರಿಗೆ 35ನೆಯ ವಯಸ್ಸಿನಲ್ಲಿ ಕೊನೆಯ ಹಂತದ ಕ್ಯಾನ್ಸರ್ ಇರುವುದು ತಿಳಿಯಿತು; ಎಲ್ಲಕ್ಕೂ ಒಂದು ಕಾರಣವಿರುತ್ತದೆಂದು ಸಮಾಧಾನ ಹೇಳಲು ಬಂದವರನ್ನು ಕುರಿತು ಅವರು 2018ರಲ್ಲಿ ಬರೆದ ಆತ್ಮಕಥನವನ್ನು ಓದಿದರೆ ಯೋಬನ ಗೆಳೆಯರು ಇನ್ನೂ ಊರೂರು ಸುತ್ತುತ್ತಿದ್ದಾರೆಂದು ತಿಳಿಯುತ್ತದೆ.

ಸಮೃದ್ಧಿ ಬೋಧನೆಯನ್ನು ಒಪ್ಪದ ಸಭೆಗಳಲ್ಲಿಯೂ ಅದರ ನೆರಳು ಬೀಳುವ ಒಂದು ಜಾಗವಿದೆ, ಅದು ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವ ಪದ್ಧತಿ. ದೇವರು ತಮ್ಮ ಬಾಳಿನಲ್ಲಿ ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವುದು ಒಳ್ಳೆಯ ಪದ್ಧತಿಯೇ. ಆದರೆ ಅಲ್ಲಿ ಎದ್ದು ನಿಲ್ಲುವವರು ಕೆಲಸ ಸಿಕ್ಕವರು, ವೀಸಾ ಬಂದವರು, ಗಡ್ಡೆ ಕರಗಿದವರು. ಅದೇ ಹಂಬಲದಿಂದ ಬೇಡಿಕೊಂಡು ಮಗುವನ್ನು ಮಣ್ಣುಮಾಡಿ ಬಂದ ತಂದೆತಾಯಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ, ಅವರ ಸರದಿ ಬರುವುದೇ ಇಲ್ಲ. ಇಬ್ರಿಯರಿಗೆ ಬರೆದ ಪತ್ರವು ಬೇರೆ ಕೆಲವರು ಎಂದು ತಿರುಗಿದ ಆ ತಿರುವು ಸಾಕ್ಷಿಯ ಕೂಟದಲ್ಲಿ ನಡೆಯುವುದಿಲ್ಲ. ಕಥೋಲಿಕ ಸಭೆಯ ದೈನಂದಿನ ಪ್ರಾರ್ಥನಾ ವಿಧಿಯು ಶುಕ್ರವಾರದ ರಾತ್ರಿ ಪ್ರಾರ್ಥನೆಗೆ 88ನೆಯ ಕೀರ್ತನೆಯನ್ನೇ ಗೊತ್ತುಮಾಡಿರುವುದರಿಂದ, ಅದನ್ನು ಪಾಲಿಸುವವರು ಇಷ್ಟವಿರಲಿ ಇಲ್ಲದಿರಲಿ ವಾರಕ್ಕೊಮ್ಮೆ ಆ ಮಾತುಗಳನ್ನು ಹೇಳುತ್ತಾರೆ, ತಮಗೆ ಸುಖವಿದ್ದ ವಾರಗಳಲ್ಲಿ ಸುಖವಿಲ್ಲದವರ ಪರವಾಗಿ ಹೇಳುತ್ತಾರೆ. ಹಾಡುಗಳನ್ನೂ ವಾಚನಗಳನ್ನೂ ವಾರವಾರ ತಾವೇ ಆರಿಸಿಕೊಳ್ಳುವ ಸಭೆಗಳಿಗೆ ಅಂಥ ಕಟ್ಟುಪಾಡಿಲ್ಲ. ಅಲ್ಲಿ 23ನೆಯ ಕೀರ್ತನೆಯ ಪಕ್ಕದಲ್ಲಿ 44, 88ನೆಯ ಕೀರ್ತನೆಗಳನ್ನೂ ಓದಿಸಬೇಕಾದವರು, ಸಾಕ್ಷಿಯ ಹೊತ್ತಿನಲ್ಲಿ ಹಿಂದಿನ ಸಾಲಿನವರಿಗೂ ಮಾತಾಡಲು ಎಡೆ ಮಾಡಿಕೊಡಬೇಕಾದವರು ಆರಾಧನೆಯ ಕ್ರಮವನ್ನು ಬರೆಯುವ ಸಭಾಪಾಲಕರು ಮತ್ತು ಹಿರಿಯರೇ.